ಕನ್ನಡದ ಕೂಸಿಗೆ ಹಿಂದಿ ‘ತಾಯ್ನುಡಿ’! ಸಿಂಗಪುರದಲ್ಲಿ ನಮ್ಮ ಮೊದಲ ದಿನ

(ಹೂಗ್ಯಂನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಹುಡುಗರು ನನಗೆ ಕೊಟ್ಟಿದ್ದ ವಿಷಯ ‘ಗಡಿನಾಡಿನಲ್ಲಿ ಕನ್ನಡ’. ಈ ವಿಷಯದ ಮೇಲೆ ಇದೇ ಜಾಗದಲ್ಲಿ ಎಷ್ಟು ಭಾಷಣಗಳಾಗಿವೆ ಎಂಬುದು ನಿಮಗೇ ಗೊತ್ತು. ಭಾಷಣ ಮುಗಿಯುತ್ತದೆ, ಬಾವುಟ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ, ಮುಂದಿನ ನವೆಂಬರಿಗೆ ದೂಳು ಕೊಡವಿ ಮತ್ತೆ ಇಳಿಸುತ್ತೇವೆ. ಅದಕ್ಕೇ ಈ ಸಲ ಒಂದು ಪ್ರವಾಸದ ಕತೆ ಹೇಳುತ್ತೇನೆ. ಹೋದ ವರ್ಷ ನಾನೂ ನನ್ನ ಹೆಂಡತಿಯೂ ಐದು ದಿನ ರಜೆ ಹಾಕಿ ಸಿಂಗಪುರಕ್ಕೆ ಹೋಗಿದ್ದೆವು. ಐದು ದಿನದ ಕತೆ ಬೇಡ, ಮೊದಲ ದಿನದ್ದೇ ಸಾಕಷ್ಟಿದೆ. ‘ಸಿಂಗಪುರಕ್ಕೂ ಗಡಿನಾಡಿಗೂ ಏನಪ್ಪಾ ಸಂಬಂಧ’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಸ್ವಲ್ಪ ತಾಳಿ ಸ್ವಾಮಿ.

ನಮ್ಮೂರಿನ ಹೆಸರು ಹೇಳಿದರೆ ಬೆಂಗಳೂರಿನಲ್ಲಿ ‘ಹೊಗೇನಕಲ್ಲಾ?’ ಎಂದು ಕೇಳುತ್ತಾರೆ. ಅಲ್ಲ, ಹೂಗ್ಯಂ. ರಾಮಾಪುರದ ಆಚೆ, ಮಾದಪ್ಪನ ಬೆಟ್ಟದ ಕಾಡಿನ ಅಂಚು ಎಂದರೆ ತಲೆಯಾಡಿಸುತ್ತಾರೆ. ಸ್ವಲ್ಪ ವಯಸ್ಸಾದವರಾದರೆ ಪಕ್ಕದ ಮೀಣ್ಯಂ ನೆನಪಾಗುತ್ತದೆ. 1992ರ ಆಗಸ್ಟಿನಲ್ಲಿ ವೀರಪ್ಪನ್ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರನ್ನೂ ಶಕೀಲ್ ಅಹಮದ್ ಅವರನ್ನೂ ಕೊಂದ ಜಾಗ. ಈಗಿನ ಹುಡುಗರಿಗೆ 2025ರ ಜೂನ್ ನೆನಪಾಗುತ್ತದೆ. ಹೂಗ್ಯಂ ವಲಯದ ಕಾಡಿನಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ವಿಷಕ್ಕೆ ಸತ್ತು ಬಿದ್ದ ಸುದ್ದಿ. ಸಾವು ಬಿದ್ದಾಗ ಮಾತ್ರ ನಮ್ಮ ಊರು ಪೇಪರಿಗೆ ಬರುತ್ತದೆ. ಇರಲಿ.

ಆದರೆ ಒಂದು ಮಾತು ಮರೆಯಬೇಡಿ. ಇವತ್ತು ನಾವು ಬಾವುಟ ಹಾರಿಸಿದ ಈ ನೆಲ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಮೈಸೂರು ರಾಜ್ಯದಲ್ಲಿ ಇರಲಿಲ್ಲ. ಕೊಳ್ಳೇಗಾಲ ತಾಲ್ಲೂಕು ಮದರಾಸಿನದ್ದು, ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ನಮ್ಮ ತಾತಂದಿರ ಕಲೆಕ್ಟರ್ ಸಾಹೇಬರು ಕೊಯಮತ್ತೂರಿನಲ್ಲಿ ಕೂರುತ್ತಿದ್ದರು. ನವೆಂಬರ್ 1ರಂದು ನಾವು ಕನ್ನಡನಾಡಿಗೆ ಸೇರಿದೆವು. ಪಕ್ಕದ ತಾಳವಾಡಿ ಅಲ್ಲೇ ಉಳಿಯಿತು, ಅಣ್ಣಾವ್ರು ಹುಟ್ಟಿದ ಗಾಜನೂರು ಸಮೇತ. ಹಾಗಾಗಿ ರಾಜ್ಯೋತ್ಸವ ಎಂದರೆ ಬೆಂಗಳೂರಿನವರಿಗೆ ಆರ್ಕೆಸ್ಟ್ರಾ ಇರಬಹುದು, ನಮಗೆ ಅದು ನಾವು ಮನೆಗೆ ಬಂದ ತಾರೀಖು.

ನಮ್ಮ ಕಡೆ ಕನ್ನಡದವರಿದ್ದಾರೆ, ಸೋಲಿಗರಿದ್ದಾರೆ, ಮನೆಯಲ್ಲಿ ತಮಿಳು ಮಾತಾಡುವವರೂ ಇದ್ದಾರೆ. ಎಳೆಯ ವಯಸ್ಸಿನಲ್ಲಿ ಗೋಲಿ ಆಡುತ್ತಾ ಎರಡೂ ಭಾಷೆ ನಾಲಿಗೆಗೆ ಹತ್ತಿಬಿಡುತ್ತವೆ. ನನಗೂ ಹತ್ತಿತ್ತು. ಆದರೆ ಬೆಂಗಳೂರಿಗೆ ಓದಲು ಹೋದ ಮೇಲೆ ಅದನ್ನು ಬಚ್ಚಿಟ್ಟೆ. 2000ದಲ್ಲಿ ಅಣ್ಣಾವ್ರನ್ನು ಗಾಜನೂರಿನಿಂದ ಹೊತ್ತುಕೊಂಡು ಹೋದಾಗ, ಆ 108 ದಿನ ನಮ್ಮ ಕಡೆಯ ಹುಡುಗರು ಹಾಸ್ಟೆಲಿನಲ್ಲಿ ತಮಿಳು ಬರುತ್ತದೆ ಎಂದು ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ನಾನು ಚಳವಳಿಗೆ ಬಂದೆ. 2017ರಲ್ಲಿ ನಮ್ಮ ಮೆಟ್ರೊದ ಹಿಂದಿ ಫಲಕಗಳ ವಿರುದ್ಧ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ನಾನು ಮದುವೆಯಾದದ್ದು ಮಂಡ್ಯದ ಹುಡುಗಿಯನ್ನು. ಅವಳಿಗೆ ನನ್ನ ತಮಿಳಿನ ವಿಷಯ ಹತ್ತು ವರ್ಷವಾದರೂ ಗೊತ್ತಿರಲಿಲ್ಲ. ಈ ಕಳ್ಳತನ ಬಯಲಾದದ್ದು ಸಿಂಗಪುರದಲ್ಲಿ.

ಈಗ ಪ್ರವಾಸಕ್ಕೆ ಬರೋಣ.

ಬೆಂಗಳೂರಿನಿಂದ ರಾತ್ರಿ ವಿಮಾನ. ಯಾವ ಕಂಪನಿಯದು ಎಂದು ನಾನು ಹೇಳುವುದಿಲ್ಲ, ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ಮಾಫಿ ಕೊಟ್ಟಂತಾಗುತ್ತದೆ. ಕೆಂಪೇಗೌಡರ ಹೆಸರಿನ ನಿಲ್ದಾಣದಿಂದ ಹೊರಟ ವಿಮಾನದಲ್ಲಿ ಪಟ್ಟಿ ಹೇಗೆ ಕಟ್ಟಿಕೊಳ್ಳಬೇಕು, ಬಾಗಿಲು ಎಲ್ಲಿದೆ, ಗಾಳಿಯ ಮುಖವಾಡ ಹೇಗೆ ಹಾಕಿಕೊಳ್ಳಬೇಕು ಎಂಬುದನ್ನೆಲ್ಲ ಹೇಳಿದರು. ಕನ್ನಡದಲ್ಲಿ ಒಂದಕ್ಷರ ಇಲ್ಲ. ನನ್ನವಳು ಕಿಟಕಿಯ ಕಡೆ ಕೂತಿದ್ದಳು. ‘ರೀ, ನಮ್ಮವ್ವ ಒಂದಿನ ವಿಮಾನ ಹತ್ತಬೇಕು ಅಂತ ಆಸೆ ಇಟ್ಕೊಂಡಿದಾಳೆ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಅವಳಿಗೆ ಬಾಗಿಲು ಎಲ್ಲಿದೆ ಅಂತ ಹೇಳೋರು ಯಾರು?’ ಎಂದಳು. ನಾನು ‘ಮಲಗು ಮಾರಾಯ್ತಿ, ರಜಾ ಮೇಲೆ ಬಂದಿದೀವಿ’ ಎಂದೆ. ಚಳವಳಿಗೂ ರಜೆ ಕೊಟ್ಟಿದ್ದೆ.

ನಾಲ್ಕೂವರೆ ಗಂಟೆಯ ಹಾದಿ. ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು. ಇಳಿದಾಗ ಅಲ್ಲಿ ಇನ್ನೂ ಬೆಳಗಾಗುತ್ತಿತ್ತು. ಟ್ಯಾಕ್ಸಿಗೆ ದುಡ್ಡು ಸುರಿಯುವುದು ಬೇಡವೆಂದು ರೈಲು ಹಿಡಿದೆವು. ಅಲ್ಲಿನ ನಗರ ರೈಲು 1987ರಿಂದ ಓಡುತ್ತಿದೆ. ವಿಮಾನ ನಿಲ್ದಾಣದಿಂದ ಒಂದೆರಡು ನಿಲ್ದಾಣ ಹೋಗಿ ರೈಲು ಬದಲಿಸಬೇಕು. ಆ ನಿಲ್ದಾಣದ ಹೆಸರು ತಾನಾ ಮೆರಾ. ಮಲಯ ಭಾಷೆಯಲ್ಲಿ ತಾನಾ ಎಂದರೆ ಮಣ್ಣು, ಮೆರಾ ಎಂದರೆ ಕೆಂಪು. ಕೆಮ್ಮಣ್ಣು! ನಮ್ಮ ಹೊಲದ ಹೆಸರಿನಂತಿದೆ. ಆ ನಾಡಿನಲ್ಲಿ ನೂರಕ್ಕೆ ಎಪ್ಪತ್ತನಾಲ್ಕು ಜನ ಚೀನೀ ಮೂಲದವರು, ಮಲಯರು ಹದಿಮೂರೂವರೆ. ಆದರೂ ಕೆಮ್ಮಣ್ಣನ್ನು ಯಾರೂ ‘ರೆಡ್ ಸಾಯಿಲ್ ಸಿಟಿ’ ಎಂದು ತಿರುಗಿಸಲಿಲ್ಲ, ಯಾವ ಕಂಪನಿಯ ಹೆಸರನ್ನೂ ಅದರ ತಲೆಯ ಮೇಲೆ ಕೂರಿಸಲಿಲ್ಲ. ಬೆಂಗಳೂರಿನ ಬಡಾವಣೆಗಳ ಹೆಸರು ಓದುತ್ತಾ ಬೆಳೆದ ನಿಮಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಆ ಹೆಸರು ಫಲಕದ ಮೇಲೆ ಮೂರು ಲಿಪಿಯಲ್ಲಿತ್ತು. ರೋಮನ್, ಚೀನೀ, ಮೂರನೆಯದು ತಮಿಳು. ರೈಲು ನಿಂತು ಬಾಗಿಲು ತೆರೆಯುವಾಗ ‘ಸಂದಿ ನೋಡಿ ಹೆಜ್ಜೆ ಇಡಿ’ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಬಂತು, ಚೀನೀಯಲ್ಲಿ ಬಂತು, ಮಲಯದಲ್ಲಿ ಬಂತು, ತಮಿಳಿನಲ್ಲೂ ಬಂತು. ನನ್ನವಳು ನನ್ನ ಮುಖ ನೋಡಿದಳು. ಹಿಂದಿನ ರಾತ್ರಿ ತನ್ನ ತಾಯಿಗಾಗಿ ಕೇಳಿದ ಪ್ರಶ್ನೆಗೆ ಬೇರೆ ಯಾರದೋ ತಾಯಿಯ ಭಾಷೆಯಲ್ಲಿ ಉತ್ತರ ಬಂದಿತ್ತು.

ಈಗ ಲೆಕ್ಕ ಕೇಳಿ. 2020ರ ಅಲ್ಲಿನ ಜನಗಣತಿಯ ಪ್ರಕಾರ ಭಾರತೀಯ ಮೂಲದವರು ನೂರಕ್ಕೆ ಒಂಬತ್ತು. ಮನೆಯಲ್ಲಿ ಹೆಚ್ಚಾಗಿ ತಮಿಳನ್ನೇ ಮಾತಾಡುವವರು ನೂರಕ್ಕೆ ಎರಡೂವರೆ. ಹೌದು, ಎರಡೂವರೆ! ಅಷ್ಟು ಜನರ ಭಾಷೆ ಆ ದೇಶದ ಸಂವಿಧಾನದಲ್ಲಿದೆ. 153ಎ ವಿಧಿ: ಮಲಯ, ಚೀನೀ, ತಮಿಳು, ಇಂಗ್ಲಿಷ್, ಈ ನಾಲ್ಕೂ ಅಧಿಕೃತ ಭಾಷೆಗಳು. ರಾಷ್ಟ್ರಭಾಷೆ ಎಂಬ ಗೌರವ ಮಲಯಕ್ಕೆ, ರಾಷ್ಟ್ರಗೀತೆಯೂ ಮಲಯದಲ್ಲೇ. ಪಾರ್ಲಿಮೆಂಟಿನಲ್ಲಿ ಸದಸ್ಯ ನಾಲ್ಕರಲ್ಲಿ ಯಾವುದರಲ್ಲಾದರೂ ಮಾತಾಡಬಹುದು, ಕಿವಿಗೆ ಅನುವಾದ ಬರುತ್ತದೆ. ಬಹುಸಂಖ್ಯಾತರು ಚೀನೀಯರು, ಆದರೆ ‘ನಾವು ಹೆಚ್ಚು ಜನ, ಆದ್ದರಿಂದ ನಮ್ಮ ಭಾಷೆಯನ್ನೇ ಎಲ್ಲರೂ ಕಲಿಯಿರಿ’ ಎಂದು ಅಲ್ಲಿ ಕಾನೂನು ಮಾಡಲಿಲ್ಲ. ನಮ್ಮ ದೇಶದಲ್ಲಿ ದೆಹಲಿಯ ಕಡೆಯಿಂದ ಈ ವಾದ ಎಷ್ಟು ಸಲ ಬಂದಿದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಲಿಟಲ್ ಇಂಡಿಯಾ ಎಂಬ ನಿಲ್ದಾಣದಲ್ಲಿ ಇಳಿದೆವು. ಅಗ್ಗದ ರೂಮು ಅಲ್ಲೇ ಸಿಕ್ಕಿತ್ತು. ಸಾಮಾನು ಇಟ್ಟು ಮುಖ ತೊಳೆದು ಬೀದಿಗೆ ಇಳಿದರೆ ಮಲ್ಲಿಗೆ, ಕರಿಬೇವು, ಬಾಳೆಲೆ. ಟೆಕ್ಕಾ ಎಂಬ ಮಾರುಕಟ್ಟೆಯಲ್ಲಿ ಎಳನೀರು ಕುಡಿದು ಚಿಲ್ಲರೆ ತೆಗೆದುಕೊಂಡಳು ನನ್ನವಳು. ಒಂದು ನಾಣ್ಯ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು. ಅದರ ಮೇಲೂ ನಾಲ್ಕು ಭಾಷೆಯಲ್ಲಿ ದೇಶದ ಹೆಸರು. ನನ್ನ ಜೇಬಿನಲ್ಲಿ ನಮ್ಮ ಹತ್ತು ರೂಪಾಯಿಯ ನಾಣ್ಯ ಒಂದಿತ್ತು, ಪಕ್ಕದಲ್ಲಿಟ್ಟು ನೋಡಿದೆ. ಹಿಂದಿ, ಇಂಗ್ಲಿಷ್, ಮುಗಿಯಿತು. ನೋಟಿನ ಹಿಂದೆ ಹದಿನೈದು ಭಾಷೆಗಳ ಪಟ್ಟಿಯಿದೆ, ಕನ್ನಡ ನಾಲ್ಕನೆಯದು, ಒಪ್ಪುತ್ತೇನೆ. ಆದರೆ ಆ ಅಕ್ಷರ ಓದಬೇಕಾದರೆ ಕನ್ನಡಕ ಬೇಕು.

ರಸ್ತೆ ಪಕ್ಕ ಒಂದು ಕಟ್ಟಡ ಏಳುತ್ತಿತ್ತು. ತಗಡಿನ ಬೇಲಿಗೆ ಕೆಂಪು ಫಲಕ: ‘ಅಪಾಯ, ದೂರವಿರಿ’. ಅದೂ ನಾಲ್ಕು ಭಾಷೆಯಲ್ಲಿ. ಇದನ್ನು ನೋಡಿ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಬೆಂಗಳೂರಿನಲ್ಲಿ ಅಂಗಡಿ ಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕೆಂದು ನಾವು ಬೀದಿಗಿಳಿದೆವು, 2023ರ ಡಿಸೆಂಬರಿನಲ್ಲಿ ಜೈಲಿಗೂ ಹೋದವರಿದ್ದಾರೆ, 2024ರಲ್ಲಿ ಕಾನೂನೂ ತಿದ್ದುಪಡಿಯಾಯಿತು. ಸರಿಯಾದ ಹೋರಾಟವೇ. ಆದರೆ ಚಿನ್ನದ ಅಂಗಡಿಯ ಹೆಸರು ಕನ್ನಡದಲ್ಲಿದೆಯೇ ಎಂದು ತಲೆಯೆತ್ತಿ ನೋಡುವ ನಾವು, ಔಷಧದ ಡಬ್ಬಿಯ ಮೇಲೆ, ಗ್ಯಾಸ್ ಸಿಲಿಂಡರಿನ ಮೇಲೆ, ಹೊಲಕ್ಕೆ ಹೊಡೆಯುವ ಕೀಟನಾಶಕದ ಮೇಲೆ ಕನ್ನಡ ಓದುವಷ್ಟು ದಪ್ಪಗಿದೆಯೇ ಎಂದು ಎಷ್ಟು ಸಲ ಬಗ್ಗಿ ನೋಡಿದ್ದೇವೆ? ಈ ಊರಿನಲ್ಲಿ ವಿಷದ ಮಾತು ಸುಮ್ಮನೆ ಆಡುತ್ತಿಲ್ಲ.

ಮಧ್ಯಾಹ್ನ ಸೆರಂಗೂನ್ ರಸ್ತೆಯ ಕೋಮಲ ವಿಲಾಸದಲ್ಲಿ ದೋಸೆ ತಿಂದೆವು. 1947ರಿಂದ ನಡೆದುಕೊಂಡು ಬಂದಿರುವ ಹೋಟೆಲು. ದೋಸೆಯ ಬಗ್ಗೆ ಮಂಡ್ಯದವರ ಅಭಿಪ್ರಾಯವನ್ನು ವೇದಿಕೆಯ ಮೇಲೆ ಹೇಳಬಾರದು.

ಅಲ್ಲಿಂದ ಮುಂದೆ ವೀರಮಾಕಾಳಿಯಮ್ಮನ ಗುಡಿ. ಗುಡಿಯ ಹತ್ತಿರ ಒಬ್ಬ ಮುದುಕಪ್ಪ ಹೂ ಕಟ್ಟುತ್ತಾ ಕೂತಿದ್ದ. ನನ್ನವಳಿಗೆ ಒಂದು ಮೊಳ ಮಲ್ಲಿಗೆ ಬೇಕಾಯಿತು. ಇಂಗ್ಲಿಷಿನಲ್ಲಿ ಕೇಳಿದಳು, ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೈಸನ್ನೆ ಮಾಡಿದಳು. ನನ್ನ ಬಾಯಿಂದ ತಾನಾಗಿ ತಮಿಳು ಬಂದುಬಿಟ್ಟಿತು. ಸ್ವಲ್ಪ ಅಲ್ಲ, ಹೊಳೆಯ ಹಾಗೆ. ಮುದುಕಪ್ಪ ಕತ್ತೆತ್ತಿ ‘ಎಂದ ಊರು?’ ಎಂದ. ಕೊಳ್ಳೇಗಾಲದ ಕಡೆ ಎಂದೆ. ಅವನು ಕೈಯಲ್ಲಿದ್ದ ದಾರ ಕೆಳಗಿಟ್ಟು, ‘ಮಾದೇಸ್ವರನ್ ಮಲೈ!’ ಎಂದು ಎರಡೂ ಕೈ ಎತ್ತಿ ಮುಗಿದ. ಅವನು ಮೇಟೂರಿನ ಕಡೆಯವನಂತೆ. ಚಿಕ್ಕವನಿದ್ದಾಗ ಅವನಪ್ಪನ ಹೆಗಲ ಮೇಲೆ ಕೂತು ಪಾಲಾರ್ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಬಂದವನಂತೆ. ನಾವು ಗಡಿಯ ಹತ್ತಿರ ನಿಂತು ಯಾರ ಮೇಲೆ ಕೂಗುತ್ತೇವೋ ಅವರ ಮನೆದೇವರೂ ನಮ್ಮ ಮನೆದೇವರೂ ಒಂದೇ ಎಂಬುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಮಹಾಲಯ, ದೀಪಾವಳಿ, ಶಿವರಾತ್ರಿಗೆ ಬೆಟ್ಟದ ಮೇಲೆ ನಿಂತರೆ ಎರಡೂ ಭಾಷೆಯ ಉಘೇ ಕೇಳಿಸುತ್ತದೆ. ಆದರೂ ಸಮುದ್ರ ದಾಟಿ ಹೋಗಿ ಅದನ್ನು ಕೇಳಿಸಿಕೊಂಡಾಗ ನನ್ನ ಮೈ ಜುಂ ಎಂದಿತು. ಹೂವಿಗೆ ದುಡ್ಡು ತೆಗೆದುಕೊಳ್ಳಲಿಲ್ಲ ಆ ಯಜಮಾನ.

ಇತ್ತ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ‘ಹತ್ತು ವರ್ಷ ಸಂಸಾರ ಮಾಡಿದೀನಿ. ಇದೊಂದು ಹೇಳಿರ್ಲಿಲ್ಲ ನೀವು. ಇನ್ನೂ ಏನೇನು ಬಚ್ಚಿಟ್ಟಿದೀರಿ?’ ಎಂದಳು. ಉತ್ತರ ಕೊಡಲು ನನಗೆ ಒಂದು ಲೋಟ ಟೀ ಬೇಕಾಯಿತು. ಕನ್ನಡಪರನಾಗಿರಬೇಕಾದರೆ ನನಗೆ ಬರುವ ಇನ್ನೊಂದು ಭಾಷೆಯನ್ನು ನುಂಗಬೇಕು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೆದರಿಕೆಯಿಂದ ನಾನೇ ಕಲಿತದ್ದು. ಬೆಂಗಳೂರಿನ ಹುಡುಗರೇ, ನಿಮಗೆ ಹೇಳುತ್ತೇನೆ: ತಮಿಳರನ್ನು ಬೈದು ಒಂದೇ ಒಂದು ಕನ್ನಡ ಫಲಕ ಮೇಲೇರಿದ್ದನ್ನು ನಾನು ಈವರೆಗೆ ಕಂಡಿಲ್ಲ. ಕಾವೇರಿ ನೀರಿನ ವಿಷಯ ಬೇರೆ, ಅದು ಲೆಕ್ಕದ ಜಗಳ, ಅದನ್ನು ಬಿಟ್ಟುಕೊಡಬೇಡಿ. ಆದರೆ ತನ್ನ ಭಾಷೆಯನ್ನು ಪರದೇಶದ ಸಂವಿಧಾನದೊಳಗೆ ನಿಲ್ಲಿಸಿಕೊಂಡವನಿಂದ ಕಲಿಯುವುದು ಬಹಳವಿದೆ. ಅಲ್ಲಿ ‘ತಮಿಳ್ ಮುರಸು’ ಎಂಬ ಪತ್ರಿಕೆಯನ್ನು 1935ರಲ್ಲಿ ಶುರುಮಾಡಿದರು, ಇವತ್ತಿಗೂ ಬರುತ್ತಿದೆ. ತಮಿಳು ಅಧಿಕೃತ ಭಾಷೆಯಾಗುವುದಕ್ಕೆ ಮೊದಲೇ ಅದಕ್ಕೊಂದು ಪತ್ರಿಕೆಯಿತ್ತು, ಶಾಲೆಗಳಿದ್ದವು, ಸಂಘಗಳಿದ್ದವು.

ಹಾಗೆಂದು ಸಿಂಗಪುರ ಭಾಷೆಗಳ ಸ್ವರ್ಗ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಅಲ್ಲಿನ ಚೀನೀಯರ ಮನೆಮಾತು ಹೊಕ್ಕಿಯೆನ್, ತಿಯೋಚಿಯು, ಕ್ಯಾಂಟನೀಸ್ ಇತ್ಯಾದಿ. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ‘ಮ್ಯಾಂಡರಿನ್ ಮಾತಾಡಿ’ ಎಂಬ ಚಳವಳಿ ಶುರುಮಾಡಿ, ಆ ಮನೆಮಾತುಗಳನ್ನೆಲ್ಲ ರೇಡಿಯೋ ಟಿವಿಯಿಂದ ಹೊರಹಾಕಿದರು. ಸ್ವಂತ ಅಜ್ಜಿಯ ಜೊತೆ ಮಾತಾಡಲು ಬಾರದ ಮೊಮ್ಮಕ್ಕಳು ಹುಟ್ಟಿಕೊಂಡರು. ಇನ್ನು ಇಂಗ್ಲಿಷು. 2010ರಲ್ಲಿ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರು ನೂರಕ್ಕೆ 32.3 ಇದ್ದರು, 2020ಕ್ಕೆ 48.3 ಆದರು. ನಮ್ಮ ಹೂವಿನ ಯಜಮಾನ ಕೂಡ ಅದನ್ನೇ ಹೇಳಿದ: ಮೊಮ್ಮಕ್ಕಳು ಇಸ್ಕೂಲಿನಲ್ಲಿ ತಮಿಳು ಪರೀಕ್ಷೆ ಬರೆಯುತ್ತಾರೆ, ಮನೆಗೆ ಬಂದು ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ. ನಾಣ್ಯದ ಮೇಲೆ ಅಕ್ಷರ ಕೆತ್ತಿಸಿದ ಸರಕಾರ ಅವನ ಮೊಮ್ಮಗನನ್ನು ತಮಿಳಿನಲ್ಲಿ ಜಗಳವಾಡಿಸಲು ಆಗಲಿಲ್ಲ.

ಸಂಜೆ ಸಿಂಹದ ತಲೆ, ಮೀನಿನ ಮೈಯ ಮರ್‌ಲಯನ್ ಮೂರ್ತಿಯ ಮುಂದೆ ಎಲ್ಲರಂತೆ ಫೋಟೋ ತೆಗೆಸಿಕೊಂಡೆವು. ಅದರ ಬಗ್ಗೆ ಹೇಳಲು ಏನೂ ಇಲ್ಲ, ನೀರು ಉಗುಳುತ್ತದೆ.

ರಾತ್ರಿ ಊಟಕ್ಕೆ ಕರೆದಿದ್ದವನು ನನ್ನ ಹಾಸ್ಟೆಲಿನ ಗೆಳೆಯ. ಹಾಸನದ ಕಡೆಯವನು, ಕಂಪ್ಯೂಟರ್ ಕೆಲಸ, ಅಲ್ಲಿ ನೆಲೆಸಿ ಹನ್ನೆರಡು ವರ್ಷ. ಅಲ್ಲಿ ಬಹುಪಾಲು ಜನ ಇರುವಂತೆ ಅವನೂ ಸರಕಾರ ಕಟ್ಟಿಸಿದ ಎತ್ತರದ ವಸತಿ ಕಟ್ಟಡದಲ್ಲಿದ್ದಾನೆ. ಬಾಗಿಲಲ್ಲಿ ರಂಗೋಲಿ, ಒಳಗೆ ಮುದ್ದೆ, ಸೊಪ್ಪಿನ ಸಾರು. ಸಿಂಗಪುರದಲ್ಲಿ ಕನ್ನಡ ಸಂಘವಿದೆ, ರಾಜ್ಯೋತ್ಸವ ಯುಗಾದಿ ಎಲ್ಲ ಮಾಡುತ್ತಾರೆ, ಇವನೂ ಹೋಗುತ್ತಾನೆ. ಗೋಡೆಯ ಮೇಲೆ ಕುವೆಂಪು ಅವರ ಚಿತ್ರ. ನನಗೆ ಊರಿಗೆ ಬಂದ ಹಾಗಾಯಿತು.

ಅವನ ಮಗಳಿಗೆ ಎಂಟು ವರ್ಷ. ಮೇಜಿನ ಮೇಲೆ ಪುಸ್ತಕ ಹರವಿಕೊಂಡು ಬರೆಯುತ್ತಿತ್ತು ಕೂಸು. ನನ್ನವಳು ಪಕ್ಕ ಕೂತು ‘ಏನು ಬರೀತಿದೀಯ ಪುಟ್ಟಾ?’ ಎಂದಳು. ‘ಮದರ್ ಟಂಗ್ ಹೋಂವರ್ಕ್ ಆಂಟಿ’ ಎಂದಿತು. ಇಣುಕಿ ನೋಡಿದರೆ ಹಿಂದಿ.

ನನ್ನವಳು ಗೆಳೆಯನ ಮುಖ ನೋಡಿದಳು. ಅವನು ತಟ್ಟೆಯ ಕಡೆ ನೋಡಿದ.

ಏನು ವಿಷಯವೆಂದರೆ, ಅಲ್ಲಿನ ಶಾಲೆಯಲ್ಲಿ ಇಂಗ್ಲಿಷಿನ ಜೊತೆ ಪ್ರತಿ ಮಗುವೂ ‘ತಾಯ್ನುಡಿ’ ಎಂಬ ಹೆಸರಿನ ವಿಷಯ ಓದಬೇಕು. ಚೀನೀ ಮಕ್ಕಳಿಗೆ ಮ್ಯಾಂಡರಿನ್, ಮಲಯ ಮಕ್ಕಳಿಗೆ ಮಲಯ, ಭಾರತೀಯ ಮಕ್ಕಳಿಗೆ ತಮಿಳು. ತಮಿಳು ಬೇಡವೆನ್ನುವ ಭಾರತೀಯರಿಗೆ ಐದು ಭಾಷೆಗಳ ಪಟ್ಟಿಯೊಂದಿದೆ: ಹಿಂದಿ, ಪಂಜಾಬಿ, ಬಂಗಾಳಿ, ಗುಜರಾತಿ, ಉರ್ದು. ಕನ್ನಡ ಇಲ್ಲ. ತೆಲುಗು, ಮಲಯಾಳವೂ ಇಲ್ಲ. ಹಾಗಾಗಿ ಹಾಸನದ ಅಪ್ಪ, ತುಮಕೂರಿನ ಅಮ್ಮನಿಗೆ ಹುಟ್ಟಿದ ಮಗುವಿನ ಅಂಕಪಟ್ಟಿಯಲ್ಲಿ ತಾಯ್ನುಡಿ ಎಂಬ ಕಡೆ ಹಿಂದಿ ಎಂದು ಬರುತ್ತದೆ. ಅದರ ತಾಯಿಗೆ ಹಿಂದಿ ಬರುವುದೇ ಇಲ್ಲ!

ನಾನು ಸುಮ್ಮನಿರಬೇಕಿತ್ತು, ಊಟಕ್ಕೆ ಕರೆದ ಮನೆ. ಆದರೆ ಮೂವತ್ತು ವರ್ಷದ ಸಿಟ್ಟು ಬಾಯಿಗೆ ಬಂತು. ‘ನೀವೆಲ್ಲ ಇಷ್ಟು ಜನ ಇದೀರಿ, ಸಂಘ ಇದೆ, ಕೇಳಬಾರದಾ?’ ಎಂದೆ. ಅವನು ಸಮಾಧಾನವಾಗಿ ಹೇಳಿದ: ‘ಕೇಳಿದ್ರೆ ಆಗಲ್ಲ ಕಣೋ. ಆ ಐದು ಭಾಷೆಯವರು ಸರಕಾರದ ಒಪ್ಪಿಗೆ ತಗೊಂಡು ತರಗತಿಗಳನ್ನ ತಾವೇ ನಡೆಸ್ತಾರೆ. ಮೇಷ್ಟ್ರು ಅವರದೇ, ಪುಸ್ತಕ ಅವರದೇ. ವಾರ ವಾರ ಮಕ್ಕಳನ್ನ ಕರ್ಕೊಂಡು ಬರ್ತಾರೆ, ಬಿಡಲ್ಲ. ನಮ್ಮಲ್ಲಿ ಯುಗಾದಿ ಊಟಕ್ಕೆ ಸಭಾಂಗಣ ತುಂಬುತ್ತೆ. ಅಕ್ಷರ ಕಲಿಸೋಣ ಬನ್ನಿ ಅಂದ್ರೆ ಎಷ್ಟು ಜನ ಬರ್ತಾರೆ? ನಾನೇ ಭಾನುವಾರ ಮನೇಲಿ ಶುರು ಮಾಡಿದ್ದೆ. ಎರಡು ತಿಂಗಳಿಗೆ ನಿಲ್ಲಿಸಿದೆ.’

ಇಷ್ಟಕ್ಕೆ ಮುಗಿದಿದ್ದರೆ ನಾನು ಇಲ್ಲಿ ಬಂದು ಅನಿವಾಸಿ ಕನ್ನಡಿಗರನ್ನು ಚೆನ್ನಾಗಿ ಬೈದು ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಅವನ ಹೆಂಡತಿ ಮುದ್ದೆಗೆ ತುಪ್ಪ ಬಡಿಸುತ್ತಾ ನಗುನಗುತ್ತಲೇ ಕೇಳಿದಳು: ‘ಅಣ್ಣಾ, ನಿಮ್ಮ ಅಕ್ಕನ ಮಗ ಬೆಂಗಳೂರಲ್ಲೇ ಅಲ್ವಾ ಓದೋದು? ಅವನು ಎರಡನೇ ಭಾಷೆ ಏನು ತಗೊಂಡಿದಾನೆ?’

ತುತ್ತು ಗಂಟಲಲ್ಲೇ ನಿಂತಿತು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗಲೇಬೇಕು, ನುಂಗಿದೆ. ನನ್ನ ಅಕ್ಕನ ಮಗನ ಎರಡನೇ ಭಾಷೆ ಹಿಂದಿ. ಮೂರನೆಯದು ಕನ್ನಡ, ಅದೂ ಪಾಸಾದರೆ ಸಾಕು, ಅಂಕ ಲೆಕ್ಕಕ್ಕಿಲ್ಲ ಎಂದು ಆ ಶಾಲೆಯವರು ಹೇಳಿದ್ದಾರೆ. ಶಾಲೆಯ ಹೆಸರು ಬೇಡ. ಕರ್ನಾಟಕದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹತ್ತರವರೆಗೆ ಕನ್ನಡ ಕಲಿಸಲೇಬೇಕೆಂಬ ಕಾನೂನು 2015ರಲ್ಲಿ ಆಗಿದೆ. ಆ ಕಾನೂನು ಬರಲೆಂದು ನಾನು ಕರಪತ್ರ ಹಂಚಿದ್ದೇನೆ. ಆದರೆ ಅಕ್ಕ ಮಗನನ್ನು ಸೇರಿಸುವ ದಿನ ಶಾಲೆಯವರ ಮುಂದೆ ನಾನೂ ಕೂತಿದ್ದೆ, ‘ಹಿಂದಿ ಇದ್ದರೆ ಮುಂದೆ ಅನುಕೂಲ’ ಎಂದು ಅವರು ಹೇಳಿದಾಗ ನಾನು ತಲೆಯಾಡಿಸಿದ್ದೆ. ಇದನ್ನು ಇವತ್ತಿನವರೆಗೆ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಪಟ್ಟಿಯಲ್ಲಿ ಕನ್ನಡವೇ ಇಲ್ಲದ ಊರಿನಲ್ಲಿ ಆ ತಾಯಿ ಹಿಂದಿ ಬರೆಸಿದಳು. ಪಟ್ಟಿಯ ಮೊದಲ ಸಾಲಿನಲ್ಲೇ ಕನ್ನಡವಿರುವ ಊರಿನಲ್ಲಿ ನಾವೂ ಹಿಂದಿ ಬರೆಸಿದೆವು. ನ್ಯಾಯ ಹೇಳುವವರು ನೀವೇ, ಇಬ್ಬರಲ್ಲಿ ಯಾರ ತಪ್ಪು ದೊಡ್ಡದು? 2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಯಾವ ಮಾಧ್ಯಮದಲ್ಲಿ ಓದಿಸಬೇಕೆಂಬುದನ್ನು ಸರಕಾರ ಹೇರುವಂತಿಲ್ಲ, ಅದು ಪೋಷಕರ ಆಯ್ಕೆ ಎಂದಿತು. ನಾವೆಲ್ಲ ಎದೆ ಬಡಿದುಕೊಂಡೆವು. ಆದರೆ ಕೋರ್ಟು ಆಯ್ಕೆಯನ್ನು ಕೊಟ್ಟದ್ದು ನಮ್ಮ ಕೈಗೆ. ಆ ಕೈ ಏನು ಮಾಡುತ್ತಿದೆ ಎಂದು ಯಾರೂ ನೋಡಿಕೊಳ್ಳಲಿಲ್ಲ. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದು ಅಣ್ಣಾವ್ರು ಊರೂರು ತಿರುಗಿದರು. ಮದರಾಸಿನ ಜಿಲ್ಲೆಗೆ ಉಳಿದುಹೋದ ಹಳ್ಳಿಯಲ್ಲಿ ಹುಟ್ಟಿದ ಮನುಷ್ಯ ಅವರು.

ಬೆಂಗಳೂರಿನ ತಮ್ಮಂದಿರೇ, ತಂಗಿಯರೇ, ನೀವೂ ನಾಳೆ ಮದುವೆಯಾಗುತ್ತೀರಿ, ಗಂಡ ಹೆಂಡತಿ ಜೋಡಿಯಾಗಿ ಸಿಂಗಪುರಕ್ಕೋ ದುಬೈಗೋ ಹೋಗುತ್ತೀರಿ. ಹೋಗಿ, ಸಂತೋಷವಾಗಿ ತಿರುಗಿ. ಕೆಲವರು ಅಲ್ಲೇ ಕೆಲಸ ಹಿಡಿದು ಉಳಿಯುತ್ತೀರಿ. ಉಳಿದವರು ಆ ಭಾನುವಾರದ ಪಾಠವನ್ನು ಎರಡು ತಿಂಗಳಿಗೆ ನಿಲ್ಲಿಸಬೇಡಿ, ಪಕ್ಕದ ನಾಲ್ಕು ಮನೆಯವರನ್ನು ಸೇರಿಸಿಕೊಳ್ಳಿ. ಇಲ್ಲೇ ಇರುವವರು ಮಗುವನ್ನು ಶಾಲೆಗೆ ಸೇರಿಸುವ ದಿನ ಅರ್ಜಿಯನ್ನು ಎರಡು ಸಲ ಓದಿ. ಶಾಲೆಯವರು ಕನ್ನಡ ಮೂರನೇ ಭಾಷೆ ಎಂದರೆ 2015ರ ಕಾನೂನಿನ ಹೆಸರು ಹೇಳಿ, ಬರಹದಲ್ಲಿ ಉತ್ತರ ಕೇಳಿ. ಮಸಿ ಡಬ್ಬಿ ತೆಗೆದುಕೊಂಡು ಬನ್ನಿ ಎಂದು ನಿಮ್ಮನ್ನು ಕರೆಯುವುದು ನನಗೆ ಸುಲಭ. ಇದು ಅದಕ್ಕಿಂತ ಕಷ್ಟದ ಕೆಲಸ, ಫೋಟೋ ಬೇರೆ ಬರುವುದಿಲ್ಲ. ಅಕ್ಕನ ಮಗನ ಶಾಲೆಗೆ ಈ ಜೂನಿನಲ್ಲಿ ನಾನು ಅರ್ಜಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು, ಗೌರಿ ಹಬ್ಬಕ್ಕೆ ಸರಿಹೋದಳು.

ಆ ರಾತ್ರಿಯ ಉಳಿದ ಕತೆ ಹೇಳಿ ಕೂರುತ್ತೇನೆ. ಊಟವಾದ ಮೇಲೆ ಆ ಕೂಸು ನನ್ನ ಹತ್ತಿರ ಬಂದು ‘ಅಂಕಲ್, ನಿಮ್ಮ ಊರು ಯಾವ್ದು?’ ಎಂದಿತು. ಕನ್ನಡದಲ್ಲೇ ಕೇಳಿತು, ಅಷ್ಟು ಬರುತ್ತದೆ ಅದಕ್ಕೆ. ಹೂಗ್ಯಂ ಎಂದೆ. ಕೂಸಿಗೆ ಆ ಹೆಸರು ಹೇಳಲು ಬರಲಿಲ್ಲ, ನಾಲ್ಕು ಸಲ ಹೇಳಿ ನಾಲ್ಕು ಸಲ ನಕ್ಕಿತು. ನನ್ನವಳು ಹಿಂದಿ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ದಪ್ಪಗೆ ಬರೆದು ತೋರಿಸಿದಳು. ಕೂಸು ಬೆರಳಿಟ್ಟು ಎಣಿಸಿತು. ‘ಎರಡೇ ಅಕ್ಷರಾನಾ?’ ಎಂದಿತು. ಎರಡೇ ಎಂದೆ. ಪೆನ್ಸಿಲು ತೆಗೆದುಕೊಂಡು ಕೆಳಗೆ ನಕಲು ಮಾಡಿತು. ಮೊದಲ ಅಕ್ಷರ ಹೂವಿನ ಹಾಗೇ ಬಂತು. ಎರಡನೆಯದರಲ್ಲಿ ಯ ಒತ್ತು ಎಲ್ಲಿ ಹಾಕಬೇಕೆಂದು ತಿಳಿಯದೆ ತಲೆಯ ಮೇಲೆ ಹಾಕಿತು. ಗೆಳೆಯ ಎದ್ದು ಬಂದು, ಮಗಳ ಕೈ ಹಿಡಿದು, ಒತ್ತನ್ನು ಕೆಳಗೆ ಇಳಿಸಿ ಬರೆಸಿದ.